ಎಲುಬು ನಮ್ಮವು, ಮಾಂಸ ನಿಮ್ಮದು

ನನ್ನ ಮಗಳು ಸಣ್ಣಾಕಿ ಇದ್ದಾಗ ಭಾಳ ಬಾಯಿಬಡಕಿ. ಉಗುರು ತಗೀತೀನಿ ಅಂತ ಬ್ಲೇಡ್ ಹಿಡಿದ್ರ ಸಾಕು, ಇನ್ನೂ ಮುಟ್ಟಿರಂಗಿಲ್ಲ, ಬಿಜಾಪುರದ ಜಲನಗರದಾಗಿನ ನಮ್ಮ ಓಣಿ ಅಷ್ಟೂ ಕೇಳಬೇಕು, ಹಂಗ ಒದರತಿದ್ಲು. ಎದುರು ಮನಿ ಅಕ್ಕಾರು ಕಿಡಕ್ಯಾಗಿಂದ ಇಣಿಕಿ, ಏನ್ರೀ ಟೀಚರ, ಹುಡುಗಿನ್ನ ಕೊಲ್ಲಾಕತ್ತೀರೇನು ಅಂತ ನಗತಿದ್ರು. ಮುಳ್ಳು ಚುಚ್ಚಿತು ಅಂದ್ರ ಅಜ್ಜನ ತೊಡಿ ಮ್ಯಾಲ ಕುಂತು, ಕಾಲು ಮುಂದ ಚಾಚಿ, ಮನ್ಯಾಗಿನವರು ಎಲ್ಲಾರೂ ಬಂದು ನೋಡೋತನಕ ಅಳು ನಿಲ್ಲಸ್ತಿರಲಿಲ್ಲ. ಬರೇ ನೋಡಿದ್ರ ಸಾಲದು, 'ಅಯ್ಯ ಪಾಪ' ಅನಬೇಕು. ನನಗ ಸಿಟ್ಟು ಬರತಿತ್ತು. ನಿನ್ನ ನೋವಿಗೆ ಊರಾಗ ಡಂಗುರ ಹೊಡಸ್ಲೇನಬೇ ಅಂತ ಎಷ್ಟೋ ಸಲ ಬೈದೀನಿ. ಈಗ ಆ ಒದರಾಟ ಒಂದು ಸಲ ಕೇಳಿದ್ರ ಸಾಕಾಗೇತಿ.

ನಮ್ಮ ಮಾವನವರದು ಬಬಲೇಶ್ವರ. ವಯಸ್ಸಿನಾಗ ಕುಸ್ತಿ ಹಿಡಿದ ಪೈಲವಾನ್ರು. ಬಲಗಿವಿ ಮಡಚಿಕೊಂಡು ಗಂಟ ಆಗೇತಿ. ಫೋನ್ ಆ ಕಿವಿಗೆ ಹಿಡಿದ್ರ ಕೇಳಂಗಿಲ್ಲ, ಆದ್ರೂ ಹಟಕ್ಕ ಬಿದ್ದು ಅದಕ್ಕ ಹಿಡಿದು ಹಲೋ ಹಲೋ ಅಂತಾರ. ಅತ್ತಿಯವರು ತೀರಿಕೊಂಡ ಮ್ಯಾಲ ನಮ್ಮ ಜೋಡಿ ಜಲನಗರದಾಗ ಇರಾಕತ್ರು. ನಮ್ಮ ಮನಿಯವರು ಬಬಲೇಶ್ವರದಾಗ ಗೊಬ್ಬರದ ಅಂಗಡಿ ನಡಸ್ತಾರ, ನಾ ತಿಕೋಟಾದಾಗ ಸಾಲಿ ಟೀಚರ್. ಮುಂಜಾನೆ ಎದ್ದು ಅವರೊಂದು ಬಸ್ಸು, ನಾನೊಂದು ಬಸ್ಸು. ಹುಡುಗಿ ಬೆಳದದ್ದು ಅಜ್ಜನ ಕೈಯಾಗ. ಬದಾಮ ಅರದು ಹಾಲಿಗೆ ಹಾಕಿ ಕುಡಸೋದು, ಸಂಜಿಗೆ ಅಂಗಳದಾಗ ಬೈಠಕ್ ಹೊಡಸೋದು, ಕೈಕಾಲಿಗೆ ಎಣ್ಣಿ ತಿಕ್ಕೋದು, ಎಲ್ಲಾ ಅವರ ಮಾಡತಿದ್ರು. ಒಬ್ರನ್ನ ಬಿಟ್ಟು ಒಬ್ರು ಉಣ್ಣತಿರಲಿಲ್ಲ.

ಅಜ್ಜಗ ಒಂದ ಆಸೆ. ಮಮ್ಮಗಳು ಆಟದಾಗ ಹೆಸರು ತಗೋಬೇಕು. ಕುಸ್ತಿ ಕಲಸಾಕ ಅವರಿಗೆ ಮನಸಿತ್ತು, ಬಾಯಿ ಬಿಟ್ಟು ಹೇಳಾಕ ಧೈರ್ಯ ಇರಲಿಲ್ಲ, ನಾ ಏನಂತೀನೋ ಅಂತ. ಅದಕ್ಕ ಜಲನಗರದ ಪಾಲಕರು ಎಲ್ಲಾರೂ ಏನು ಮಾಡತಾರೋ ನಾವೂ ಅದನ್ನ ಮಾಡಿದ್ವಿ. ಮೊದಲ ಕರಾಟೆ. ಮಾವನವರು ಒಂದು ದಿನ ಹೋಗಿ ನೋಡಿ ಬಂದು, ಸೊಂಟದ ಪಟ್ಟಿ ಬಣ್ಣ ಬದಲಾದ್ರ ಮೈಯಾಗ ಶಕ್ತಿ ಬರತೈತೇನು ಅಂದ್ರು. ಆಮ್ಯಾಲ ಈಜು. ನೀರು ಮೂಗಿನಾಗ ಹೋತು ಅಂತ ಇಕಿ ಒದರಿದ್ದಕ್ಕ ಅಲ್ಲಿದ್ದ ಬ್ಯಾರೆ ಹುಡುಗ್ರೂ ಅಂಜಿ ಮ್ಯಾಲ ಬಂದ್ರು. ಸ್ಕೇಟಿಂಗ್ ಒಂದು ತಿಂಗಳು ನಡೀತು. ಖೋಖೋದಾಗ ಓಟ ಚಲೋ ಇತ್ತು, ಆದ್ರ ಇನ್ನೊಬ್ರು ಬೆನ್ನಿಗೆ ಹೊಡದು 'ಖೋ' ಅನ್ನೋತನಕ ಕುಂದ್ರೋದು ಇಕಿಗೆ ಆಗಲಿಲ್ಲ.

ಬ್ಯಾಸಿಗಿ ಸೂಟಿಯಾಗ ಒಂದು ಮುಂಜಾನೆ ಸಾಲಿ ಕೆಲಸಕ್ಕಂತ ತಿಕೋಟಾಕ್ಕ ಹೊಂಟಿದ್ದೆ, ಇಕಿನ್ನೂ ಕರಕೊಂಡು ಹೋಗಿದ್ದೆ. ರಸ್ತೆದಾಗ ಸೈಕಲ್ ಹುಡುಗ್ರು ಸಾಲು ಹಿಡಿದು ಹೊಂಟಿದ್ರು. ನಮ್ಮ ಕಡೆ ಇದು ದಿನಾ ಕಾಣೋ ನೋಟ. ಬಿಜಾಪುರದ ಸುತ್ತ ಮುಂಜಾನೆ ರಸ್ತೆಗೆ ಬಿದ್ರ ಬಾಗಿದ ಹ್ಯಾಂಡಲ್ ಹಿಡಿದು, ತಲಿ ತಗ್ಗಿಸಿ ತುಳಿಯೋ ಹುಡುಗ್ರು ಸಿಕ್ಕ ಸಿಗತಾರ. ಅದರಾಗ ಒಬ್ಬ ಹುಡುಗಿ ನಮ್ಮ ಬಸ್ಸಿನ ಸರಿ ಸರಿ ಬಂದ್ಲು, ದ್ರಾಕ್ಷಿ ತ್ವಾಟ ಮುಗಿಯೋತನಕ. ನನ್ನ ಮಗಳು ಕಿಡಕ್ಯಾಗಿಂದ ತಲಿ ಹೊರಗ ಹಾಕಿ ನೋಡಿದ್ದ ನೋಡಿದ್ದು. ಕಂಡಕ್ಟರು ಬೈದ್ರೂ ತಲಿ ಒಳಗ ತಗೀಲಿಲ್ಲ. ಮನಿಗೆ ಬಂದು ಅಜ್ಜನ ಮುಂದ ನಿಂತು, ನನಗ ಅದು ಬೇಕು ಅಂದ್ಲು. ಅಷ್ಟು ಸಣ್ಣ ದನಿಯಾಗ ಅಕಿ ಏನರ ಕೇಳಿದ್ದು ಅದ ಮೊದಲು, ಅದಕ್ಕ ಇದು ಖರೇ ಅಂತ ನನಗ ತಿಳೀತು.

ಸೈಕಲ್ ಸಿಕ್ಕಿತು. ನನ್ನ ಜೋಡಿ ಕೆಲಸ ಮಾಡೋ ಸರ್ ಅವರ ಮಗ ತುಳದು ಬಿಟ್ಟದ್ದು. ಕೋಚ್ ಹುಡುಕೋದು ಉಳೀತು. ಮಾವನವರು ಗಂಡು ನೋಡಾಕ ಹೊಂಟವರಂಗ ಇಸ್ತ್ರಿ ಧೋತರ ಉಟ್ಟು ತಲಿಗೆ ಪಟಗಾ ಸುತ್ತಿಕೊಂಡು ಹೊಂಟ್ರು, ಹಿಂದ ನಾನು, ನಡುವ ಮಗಳು.

ಮೊದಲ ಹೋದದ್ದು ತಿಕೋಟಾಕ್ಕ. ಅಲ್ಲಿ ಹುಡುಗ್ರಿಗೆ ಸೈಕಲ್ ಕಲಸೋ ಒಬ್ರು ಮೇಡಂ ಇದ್ರು. ಒಂದು ಕಾಲಕ್ಕ ತಾವ ಸೈಕಲ್ ಹೊಡದು ಹೆಸರು ಮಾಡಿದವರು. ಬೇವಿನ ಗಿಡದ ಬುಡಕ ಕಟ್ಟಿ ಮ್ಯಾಲ ಕುಂಡ್ರಿಸಿ ಮಗಳಿಗೆ ಕೇಳಾಕ ಶುರು ಮಾಡಿದ್ರು. ಎಷ್ಟಕ್ಕ ಮಲಗತಿ, ಎಷ್ಟಕ್ಕ ಏಳತಿ, ಸಾಲಿಗೆ ಹೋಗುವಾಗ ಏನು ತಿಂದು ಹೋಗತಿ, ಮೊದಲ ಎಲ್ಲರ ಬಿದ್ದೀಯೇನು, ಯಾವ ಕಾಲು ನೋಯತೈತಿ. ಸೈಕಲ್ ನಿನಗ ಬೇಕಾಗೇತೋ ನಿಮ್ಮ ಅಜ್ಜಗ ಬೇಕಾಗೇತೋ ಅಂತ ನಕ್ಕೊಂತ ಕೇಳಿದ್ರು. ಮಗಳು ಎಲ್ಲಾದಕ್ಕೂ ಉದ್ದುದ್ದ ಕತಿ ಹೇಳಿದ್ಲು. ಆಮ್ಯಾಲ ಅವರು, ಒಂಚೂರೂ ಹಿಂಜರಿಯದ, ಮುಟ್ಟು ಶುರು ಆಗೇತೇನು, ತಿಂಗಳಾ ತಿಂಗಳಾ ಬರೊಬ್ಬರಿ ಬರತೈತೇನು ಅಂತ ಕೇಳಿದ್ರು. ಮಾವನವರು ಥಟ್ಟನ ಎದ್ದು ನಿಂತ್ರು. ಕೆಂಪಗಾದ ಮುಖ ತಿರುವಿ ದೂರದ ದ್ರಾಕ್ಷಿ ತ್ವಾಟ ನೋಡಕೊಂತ ನಿಂತುಬಿಟ್ರು. ಮೇಡಂ ಕಡೀಗೆ ನನಗ ಹೇಳಿದ್ದು ಇಷ್ಟ: ಒಂದು ವರ್ಷ ರೇಸು ಗೀಸು ಇಲ್ಲ, ಬರೇ ತುಳಿಯೋದು. ನಿಮಗ ಬಿಡುವಿದ್ದಾಗ ಬಂದು ಕುಂದರ್ರಿ, ನೋಡ್ರಿ. ನಿಮ್ಮ ಮಗಳು, ನೀವು ನೋಡಬೇಕು.

ಮಾವನವರು ಮನಿಗೆ ಬಂದು ನೀರು ಕುಡದು, ಅದು ಕೋಚ್ ಅಲ್ಲವಾ, ದವಾಖಾನಿ ನರ್ಸು ಅಂದ್ರು. ಅವ್ವ ಕಟ್ಟಿ ಮ್ಯಾಲ ಕುಂತು ನೋಡಾಕತ್ರ ಮಗಾ ಬೆವರು ಹರಸತೈತೇನು, ಅಳತೈತಿ ಅಷ್ಟ. ತಾಲೀಮಿನ ಗರಡಿ ಮನಿ ಹೊಸ್ತಿಲ ನಮ್ಮವ್ವ ಒಂದು ದಿನಾನೂ ದಾಟಿಲ್ಲ, ಅದಕ್ಕ ನಾ ಪೈಲವಾನ್ ಆದೆ. ಇದನ್ನ ಅವರು ಹೆಮ್ಮಿಲೆ ಹೇಳಿದ್ರು.

ಎರಡನೇದವರು ಅಥಣಿ ರಸ್ತೆದಾಗ. ಊರು ಬೆಳಕೊಂತ ಹೊಂಟಿದ್ದ ಕಡೆ ಪ್ಲಾಟು ಹಾಕಿ, ಡಾಂಬರು ಬಡದು, ಮನಿ ಮಾತ್ರ ಇನ್ನೂ ಕಟ್ಟದ ಖಾಲಿ ಲೇಔಟು. ಅಲ್ಲಿ ಅವರು ಹುಡುಗ್ರನ್ನ ಓಡಸ್ತಿದ್ರು, ತಾವು ಮೋಟರ್ ಸೈಕಲ್ ಮ್ಯಾಲ, ಕೊರಳಾಗ ಸೀಟಿ. ಅವರ ಕೈಯಾಗ ತಯಾರಾದವರು ಭಾಳ ಮಂದಿ ಮೆಡಲ್ ತಂದಾರ ಅಂತ ಊರಾಗ ಮಾತಿತ್ತು. ಮಗಳ ಹೆಸರು ಸೈತ ಕೇಳಲಿಲ್ಲ. ಕಾಲಿನ ಮೀನಖಂಡ ನೋಡಿದ್ರು. ಆ ತುದಿಗೆ ಹೋಗಿ ಬಾ ಅಂದ್ರು. ಬಂದ್ಲು. ಕೈಗಡಿಯಾರ ನೋಡಿ, ಬಿಟ್ಟು ಹೋಗ್ರಿ ಅಂದ್ರು. ನಾ ಏನೋ ಕೇಳಾಕ ಬಾಯಿ ತಗದೆ. ಪಾಲಕರು ಗ್ರೌಂಡಿಗೆ ಬರಬಾರದು, ನನಗ ಫೋನ್ ಮಾಡಬಾರದು, ಬಂದ್ರ ಅವತ್ತ ಮಗಳನ್ನ ಕರಕೊಂಡು ಹೋಗಬೇಕು ಅಂದು ಸೀಟಿ ಊದಿದ್ರು.

ನಾ ಮಾವನವರ ಮುಖ ನೋಡಿದೆ. ಸಿಟ್ಟಾಗಿರಬೇಕು ಅನಕೊಂಡಿದ್ದೆ. ಆ ಮನಷ್ಯಾನ ಕಣ್ಣಾಗ ನೀರು ಆಡತಿತ್ತು. ಎಷ್ಟೋ ವರ್ಷದಿಂದ ಹುಡುಕಿದ ವಸ್ತಾದ ಸಿಕ್ಕಾಂಗ ನಿಂತಿದ್ರು. ವಸ್ತಾದ ಅಂದ್ರ ಕುಸ್ತಿ ಕಲಸೋ ಗುರು. ಅವರ ವಸ್ತಾದನೂ ಹಿಂಗ ಇದ್ದನಂತ, ಮಾತಿಲ್ಲ ಕತಿಯಿಲ್ಲ.

ಆ ರಾತ್ರಿ ಅಡಗಿ ಮನ್ಯಾಗ ನನಗೂ ಮನಿಯವರಿಗೂ ಜಗಳ ಆತು. ನಾ ತಿಕೋಟಾದ ಮೇಡಂ ಬೇಕಂದೆ, ನನ್ನ ಸಾಲಿ ಬಾಜೂಕ ಅದಾರ, ಕಣ್ಣ ಮುಂದ ಇರತಾಳ. ಅಪ್ಪಗ ಆಟ ಗೊತ್ತೈತಿ, ನಿನಗೇನು ಗೊತ್ತೈತಿ ಅಂದ್ರು ಅವರು. ನನಗ ಮಗಳು ಗೊತ್ತದಾಳ ಅಂದೆ. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು. ಪಡಸಾಲ್ಯಾಗ ಕುಂತ ಮಾವನವರು ನಮಗ ಕೇಳೋಹಂಗ, ಉಳಿ ಪೆಟ್ಟು ತಿಂದ ಕಲ್ಲ ದೇವರಾಗತೈತಿ ಅಂದ್ರು. ಆ ಗಾದಿ ಮುಂದ ಯಾವ ಸೊಸಿ ಗೆದ್ದಾಳ್ರಿ? ಸುಟ್ಟ ರೊಟ್ಟಿ ನನ್ನ ತಾಟಿಗೆ ಹಾಕ್ಕೊಂಡು ಉಂಡೆ.

ಗುರುವಾರ ಒಪ್ಪಸೋ ಕಾರ್ಯ. ಹೌದು, ಒಪ್ಪಸೋದು ಅಂತ ಅದಕ್ಕ ಹೆಸರು. ತಾಲೀಮಿಗೆ ಹುಡುಗನ್ನ ಸೇರಸೋವಾಗ ಹಿರೇರು ಹೋಗಿ ವಸ್ತಾದನ ಕೈಗೆ ಕಾಯಿ, ಎಲಿಅಡಕಿ ಕೊಟ್ಟು, ಹೆಗಲಿಗೆ ಟಾವೆಲ್ ಹಾಕಿ, ಒಂದು ಮಾತು ಅಂತಾರ. ಮಾವನವರ ಅಪ್ಪ ಹಂಗ ಅಂದಿದ್ದನಂತ, ಅವರ ಅಜ್ಜನೂ ಅಂದಿದ್ದನಂತ. ಆವತ್ತ ಅಥಣಿ ರಸ್ತೆದ ಖಾಲಿ ಲೇಔಟಿನ್ಯಾಗ, ಟ್ರ್ಯಾಕ್‌ಸೂಟ್ ಹಾಕ್ಕೊಂಡ ಕೋಚಿಗೆ ನಮ್ಮ ಮಾವನವರು ಕಾಯಿ ಕೊಟ್ಟು, ಟಾವೆಲ್ ಹೊದಿಸಿ, ಮಗಳಿಗೆ ಕಾಲ ಮುಟ್ಟಂದು, ಎದಿ ಮುಂದ ಮಾಡಿ ಅಂದ್ರು:

"ಎಲುಬು ನಮ್ಮವು, ಮಾಂಸ ನಿಮ್ಮದು. ಇವತ್ತಿಂದ ಇಕಿ ನಿಮ್ಮಾಕಿ."

ಕೋಚ್ ತಲಿ ಅಲ್ಲಾಡಿಸಿ ಕಾಯಿ ಮೋಟರ್ ಸೈಕಲ್ಲಿನ ಚೀಲದಾಗ ಇಟ್ರು. ಹೊಡದ್ರೂ ಬಡದ್ರೂ ನಾವು ಕೇಳಂಗಿಲ್ಲ, ಜೀವ ಒಂದು ನಮಗ ಉಳಸಿ ಕೊಡ್ರಿ ಅಂತ ಮಾವನವರ ಮಾತಿನ ಅರ್ಥ. ನಮ್ಮ ಕಡೆ ಇದು ಮರ್ಯಾದಿ ಮಾತು. ಸಾಲ್ಯಾಗ ನನಗೂ ಎಷ್ಟೋ ತಂದಿಗೋಳು ಅಂದಾರ, ನಾ ನಕ್ಕು ಹುಡುಗನ ಕೈಹಿಡಕೊಂಡು ಒಳಗ ಕರಕೊಂಡು ಹೋಗೀನಿ. ಅಂದವರಿಗೂ ಕೇಳಿದವರಿಗೂ ಅದು ಬರೇ ಮಾತು. ನಡುವ ನಿಂತ ಕೂಸು ಏನು ಕೇಳಿಸಿಕೊಳ್ಳತೈತಿ ಅಂತ ನಾ ಯಾವತ್ತೂ ಯೋಚಿಸಿರಲಿಲ್ಲ.

ಮಗಳು ತುಳದ್ಲು. ಎದ್ದು ಎದ್ದು ತುಳದ್ಲು. ಮುಂಜಾನೆ ಮನಿಯವರು ಗಾಡಿ ಮ್ಯಾಲ ಬಿಟ್ಟು ಬರತಿದ್ರು, ಲೇಔಟಿನ ಕಮಾನಿನ ಹೊರಗ. ಒಳಗ ಹೋಗೋಹಂಗಿಲ್ಲಲ್ಲ. ಮೊಬೈಲಿನ್ಯಾಗ ಪಾಲಕರದೊಂದು ಗುಂಪು ಇತ್ತು. ಅದರಾಗ ಕೋಚ್ ನಾಳೆ ಎಷ್ಟಕ್ಕ ಬರಬೇಕು ಅಂತ ಹಾಕತಿದ್ರು, ನಾವು ಎಲ್ಲಾರೂ ಹೆಬ್ಬಟ್ಟು ತೋರಸ್ತಿದ್ವಿ. ಓದಾಕ ಬರೆಯಾಕ ಬರೋ ಮಂದಿ, ಹೆಬ್ಬಟ್ಟು ಒತ್ತಿದ್ದ ಒತ್ತಿದ್ದು.

ಜಿಲ್ಲಾ ರೇಸಿನ್ಯಾಗ ಅಕಿಗೆ ಮೆಡಲ್ ಬಂತು. ಸುಳ್ಳು ಯಾಕ ಹೇಳ್ಲಿ, ನಾನೂ ಕುಣಿದೆ. ಸಾಲ್ಯಾಗ ಪೇಡೆ ಹಂಚಿದೆ. ಮಾವನವರು ಮೆಡಲ್ ತಗೊಂಡು ಬಬಲೇಶ್ವರಕ್ಕ ಹೋಗಿ, ಕಟ್ಟಿ ಮ್ಯಾಲಿನ ಗೆಳ್ಯಾರಿಗೆ ಎಲ್ಲಾ ತೋರಿಸಿ, ತಮ್ಮ ಕೊರಳಾಗ ಹಾಕ್ಕೊಂಡ ಬಸ್ ಹತ್ತಿ ವಾಪಸ್ ಬಂದ್ರು. ಕಂಡಕ್ಟರು, ಏನ್ರಿ ಅಜ್ಜಾರ, ಈ ವಯಸ್ಸಿನಾಗ ಎಲ್ಲಿ ಗೆದ್ರಿ ಅಂದನಂತ. ಆ ಮಾತು ಹೇಳಿ ಹೇಳಿ ಮಗಳನ್ನ ನಗಸ್ತಿದ್ರು.

ಅಕಿ ನಗತಿದ್ಲು, ಆದ್ರ ಮಾತು ಕಮ್ಮಿ ಆಗಿತ್ತು. ಬೆಳಿಯೋ ಹುಡುಗಿ, ಗಂಭೀರ ಆಗ್ಯಾಳ ಅಂತ ನಾವು ಖುಷಿ ಪಟ್ವಿ. ಮೈ ಇಳದಿತ್ತು. ಹಗುರ ಇದ್ರ ಗಾಡಿ ಓಡತೈತಿ ಅಂತ ಕೋಚ್ ಹೇಳ್ಯಾರ ಅಂದು ಅರ್ಧ ರೊಟ್ಟಿಗೆ ಏಳತಿದ್ಲು. ಅಜ್ಜ ಅರದ ಬದಾಮ ಹಾಲು ನೋಡಿದ್ರ ಮುಖ ತಿರವತಿದ್ಲು, ಅಜ್ಜಗ ಬ್ಯಾಸರ ಆಗಬಾರದಂತ ಕುಡದು, ಹಿತ್ತಲಿಗೆ ಹೋಗಿ ವಾಂತಿ ಮಾಡಿ ಬರತಿದ್ಲಂತ, ಆಮ್ಯಾಲ ತಿಳೀತು. ಮುಟ್ಟು ನಾಕೈದು ತಿಂಗಳಿಂದ ಇರಲಿಲ್ಲ. ಈ ವಯಸ್ಸಿಗೆ ಹಿಂದ ಮುಂದ ಆಗತಾವ ಅಂತ ಎದುರು ಮನಿ ಅಕ್ಕಾರು ಅಂದ್ರು, ನಾನೂ ಹ್ಞೂಂ ಅಂದೆ.

ಸಂಕ್ರಾಂತಿ ಆದ ಮ್ಯಾಲ ಅಕಿ ಹಾಸಿಗಿಯೊಳಗ ಬಾಮಿನ ವಾಸನಿ ಬರಾಕತ್ತಿತು. ಕೇಳಿದ್ರ, ಅಜ್ಜನ ಮೊಣಕಾಲಿಗೆ ಹಚ್ಚಿ ಬಂದೆ, ಕೈ ತೊಳಕೊಂಡಿಲ್ಲ ಅಂದ್ಲು. ಅಜ್ಜ ಬಾಮ್ ಹಚ್ಚೋದು ಖರೇನ ಇತ್ತು, ನಾ ನಂಬಿದೆ. ಮೆಟ್ಟಲ ಇಳಿಯುವಾಗ ಗ್ವಾಡಿ ಹಿಡಿತಿದ್ಲು. ಕಾಲು ಹಿಡದಾವೇನಬೇ ಅಂದ್ರ, ಇಲ್ಲ, ಸುಮ್ನ ಅಂತಿದ್ಲು. ರೇಸು ಹತ್ರ ಬಂದಾವಂತ ಕೋಚ್ ಹುಡುಗ್ರಿಗೆ ಬೆನ್ನ ಮ್ಯಾಲ ಉಸಕಿನ ಚೀಲ ಕಟ್ಟಿ ಡಾಂಬರು ಮ್ಯಾಲ ಓಡಸಾಕತ್ತಿದ್ರಂತ, ಇದು ನಮಗ ಆಮ್ಯಾಲ ಗೊತ್ತಾತು. ಯಾರರ ನಿಂತ್ರ ಹಿಂದಿಂದ ಮೋಟರ್ ಸೈಕಲ್ಲಿನ ಹಾರ್ನ್ ಬಿಡದ ಒತ್ತತಿದ್ರಂತ, ಮತ್ತ ಓಡೋತನಕ.

ಒಂದು ಮುಂಜಾನೆ ನಾ ತಿಕೋಟಾದಾಗ ಬಸ್ ಇಳದಿದ್ದೆ, ಅಷ್ಟ. ಕೋಚ್ ಫೋನ್ ಬಂತು. ನಾವು ಮಾಡಬಾರದು ಅಂದವರು ತಾವ ಮಾಡಿದ್ರು. ಸ್ವಲ್ಪ ಬಿದ್ದಾಳ, ಏಳಾಕತ್ತಿಲ್ಲ, ಬಂದು ಕರಕೊಂಡು ಹೋಗ್ರಿ. ಎದುರಿಗೆ ಬಂದ ಬಸ್ಸಿಗೆ ಕೈಮಾಡಿ ಹತ್ತಿದೆ. ನಾ ಹೋಗಿ ಮುಟ್ಟೋದ್ರಾಗ ಮನಿಯವರೂ ಮಾವನವರೂ ದವಾಖಾನಿಗೆ ತಂದಿದ್ರು. ಸೈಕಲ್ ಮ್ಯಾಲಿಂದ ಬಿದ್ದಿದ್ದಲ್ಲಂತ. ಲೇಔಟಿನ ಸುತ್ತು ಮುಗಿಸಿ, ಸೈಕಲ್ ನಿಲ್ಲಿಸಿ, ಇಳಿಯಾಕಂತ ಕಾಲು ನೆಲಕ್ಕ ಇಟ್ಟಾಳ, ಕಾಲು ಹಿಡೀಲಿಲ್ಲ.

ಎಲುಬಿನ ಫೋಟೋ ತಗದ್ರು. ಡಾಕ್ಟರು ಅದನ್ನ ಬೆಳಕಿಗೆ ಹಿಡಿದು ತೋರಿಸಿದ್ರು. ತೊಡಿ ಎಲುಬು ಸೊಂಟಕ್ಕ ಕೂಡೋ ಕಡೆ ಮುರದಿತ್ತು. ಇದು ಇವತ್ತ ಮುರದದ್ದಲ್ರಿ, ಎಂದೋ ಎಳಿಯಷ್ಟು ಸೀಳು ಬಿಟ್ಟೈತಿ, ಅದರ ಮ್ಯಾಲ ಓಡ್ಯಾಳ, ತುಳದಾಳ, ಇವತ್ತ ಪೂರಾ ಹೋಗೇತಿ ಅಂದ್ರು. ಸರಿಯಾಗಿ ಉಣ್ಣತಿದ್ಲೇನು ಅಂದ್ರು. ಆಮ್ಯಾಲ ಮಗಳ ಕಡೆ ತಿರುಗಿ, ಮುಟ್ಟು ತಿಂಗಳಾ ತಿಂಗಳಾ ಬರತೈತೇನವಾ ಅಂತ ಕೇಳಿದ್ರು. ಅದ ಪ್ರಶ್ನಿ. ಬೇವಿನ ಗಿಡದ ಬುಡಕ ಕೇಳಿದ್ದ ಪ್ರಶ್ನಿ. ಮಾವನವರು ಹಾಸಿಗಿ ಬಾಜೂಕ ನಿಂತಿದ್ರು. ಈ ಸಲ ಅವರು ಮುಖ ತಿರವಲಿಲ್ಲ. ಮಗಳು ಇಲ್ಲ ಅಂತ ತಲಿ ಅಲ್ಲಾಡಿಸಿದ್ದನ್ನ ನೋಡಿದ್ರು.

ಎಷ್ಟು ದಿನದಿಂದ ನೋಯತಿತ್ತು ಅಂತ ಡಾಕ್ಟರು ಕೇಳಿದ್ದಕ್ಕ, ಸಂಕ್ರಾಂತಿ ಮುಂಚಿಂದ ಅಂದ್ಲು. ನನಗ ಸಿಟ್ಟು ಬಂದು, ಮುರದ ಕಾಲಿನ ಕೂಸು ಅನ್ನೋದೂ ನೋಡದ ಒದರಿದೆ. ಮುಳ್ಳು ಚುಚ್ಚಿದ್ರ ಓಣಿ ಕೂಡಸ್ತಿದ್ದಾಕಿ, ಇಷ್ಟು ದಿನ ಎಲುಬು ಮುರಕೊಂಡು ಅಡ್ಡಾಡಿದಿ, ಯಾಕ ಹೇಳಲಿಲ್ಲ, ನಾ ಸತ್ತಿದ್ನೇನು ಅಂದೆ.

ಅಕಿ ನನಗ ಹೆದರಲಿಲ್ಲ, ಅಳಲಿಲ್ಲ. ಗೊತ್ತಿದ್ದ ಲೆಕ್ಕ ಹೇಳಿದಂಗ ಹೇಳಿದ್ಲು.

"ಅಜ್ಜ ಒಪ್ಪಿಸಿ ಬಂದಾನಲ್ಲ ಅವ್ವಾ. ಒಪ್ಪಿಸಿದ ಮ್ಯಾಲ ನಿಮಗ ಹೆಂಗ ಹೇಳೂದು? ಕೋಚ್ ಸರ್‌ಗೆ ಹೇಳಿದ್ದೆ. ನಿಮ್ಮ ಅಜ್ಜ ಏನಂದಾರ ನೆನಪೈತಿಲ್ಲ ಅಂದ್ರು."

ಮಾವನವರು ಅಲ್ಲೇ ಇದ್ದ ಸ್ಟೂಲಿನ ಮ್ಯಾಲ ಕುಂತ್ರು. ಪಟಗಾ ಬಿಚ್ಚಿ ತೊಡಿ ಮ್ಯಾಲ ಇಟ್ಟುಕೊಂಡ್ರು. ಹೆರವರ ಮುಂದ ಬರಿದಲಿಯಾಗ ಅವರನ್ನ ನಾ ಕಂಡದ್ದು ಅತ್ತಿಯವರ ಮಣ್ಣಿನ ದಿನ ಒಂದು ಸಲ, ಈಗ ಎರಡನೇ ಸಲ.

ಆಪರೇಷನ್ ಆತು. ಎಲುಬಿನ್ಯಾಗ ಸ್ಕ್ರೂ ಹಾಕಿದ್ರು. ಮಗಳು ಮನಿಗೆ ಬಂದ ಮ್ಯಾಲ ಮಾವನವರು ಒಂದು ಮುಂಜಾನೆ ಯಾರಿಗೂ ಹೇಳದ ಆಟೋ ಹಿಡಕೊಂಡು ಅಥಣಿ ರಸ್ತೆಗೆ ಹೋದ್ರು. ಕಾಯಿ ಕೊಟ್ಟ ಜಾಗಕ್ಕ. ಹೋಗಿ ಬಂದು ನನಗ ಹೇಳಿದ್ದು ಅವರ. ಕೋಚ್ ಬರಮಾಡಿಕೊಂಡು, ಕುರ್ಚಿ ತರಿಸಿ, ಚಹಾ ತರಿಸಿದ್ರಂತ. ಹುಡುಗಿ ಹೆಂಗದಾಳ, ಆರು ತಿಂಗಳಿಗೆ ವಾಪಸ್ ಕರಕೊಂಡು ಬರ್ರಿ, ಅಂಥಾ ಕಾಲು ಬಿಜಾಪುರದಾಗ ಇಲ್ಲ ಅಂದ್ರಂತ. ಮಾವನವರು, ಕೂಸು ನೋವು ಅಂದಾಗ ನಮಗ ಒಂದು ಮಾತು ಹೇಳಬಾರದಿತ್ತೇನಪಾ ಅಂತ ಕೇಳಿದ್ರಂತ. ಅದಕ್ಕ ಅಂವ ಸಿಟ್ಟಾಗಲಿಲ್ಲಂತ. ನೀವ ಅಂದಿದ್ರೆಲ್ಲರಿ ಹಿರೇರ, ನಾ ನಿಮ್ಮ ಮಾತಿಗೆ ಮರ್ಯಾದಿ ಕೊಟ್ಟೀನಿ, ನನ್ನ ಗುರುಗಳೂ ನನ್ನ ಹಿಂಗ ತಯಾರು ಮಾಡ್ಯಾರ ಅಂದ್ನಂತ. ಚಹಾ ಆರಿ ಹೋತವಾ, ಹಂಗ ಬಿಟ್ಟು ಬಂದೆ ಅಂದ್ರು ಮಾವನವರು.

ನಾ ಬಿಡತಿರಲಿಲ್ಲ. ಹೋಗಿ ಆ ಖಾಲಿ ಲೇಔಟಿನ್ಯಾಗ ನಿಂತು ಬೈಯಬೇಕು, ಕಂಪ್ಲೇಂಟ್ ಕೊಡಬೇಕು, ಪಾಲಕರ ಗುಂಪಿನ್ಯಾಗ ಬರೀಬೇಕು ಅಂತ ಕುಣಿದೆ. ಬರದೆ ಸೈತ. ನಿಮ್ಮ ಮಕ್ಕಳಿಗೆ ಎಲ್ಲರ ನೋಯತೈತೇನು ಕೇಳ್ರಿ, ಕುಂಡ್ರಿಸಿಕೊಂಡು ಕೇಳ್ರಿ ಅಂತ. ಒಬ್ಬರೂ ಉತ್ತರ ಕೊಡಲಿಲ್ಲ. ಸಂಜೀಕ ನನ್ನನ್ನ ಗುಂಪಿನಿಂದ ತಗದಿದ್ರು. ಮರುದಿನ ಮುಂಜಾನೆ ಅವರೆಲ್ಲಾರೂ ಮಕ್ಕಳನ್ನ ಗಾಡಿ ಮ್ಯಾಲ ಕುಂಡ್ರಿಸಿಕೊಂಡು ಅಥಣಿ ರಸ್ತೆಗೆ ಹೋಗಿರಬೇಕು, ಹೋಗತಾರ, ಮೆಡಲ್ ಯಾರಿಗೆ ಬ್ಯಾಡ್ರಿ.

ಎಲುಬಿನ ಆ ಜಾಗಕ್ಕ ರಕ್ತ ಸರಿಯಾಗಿ ಹೋಗವಲ್ದು ಅಂತ ಆಮ್ಯಾಲ ಡಾಕ್ಟರು ಹೇಳಿದ್ರು. ನಡೀತಾಳ, ಮೆಟ್ಟಲ ಹತ್ತತಾಳ, ರೇಸು ಮಾತ್ರ ಮರೀರಿ ಅಂದ್ರು. ಹೇಳುವಾಗ ಮಗಳನ್ನ ಹೊರಗ ಕುಂಡ್ರಿಸಿದ್ವಿ. ಒಳಗ ಬಂದು ನಮ್ಮ ಮುಖ ನೋಡಿ ಅಕಿಗೆ ತಿಳೀತು. ಆಟೋದಾಗ ಬರುವಾಗ ಹಿಂದಿನ ಗಾಡಿಯಂವ ಹಾರ್ನ್ ಹೊಡದ. ಅಕಿ ಮೈಯೆಲ್ಲಾ ಸೆಟದು, ಕೂತಲ್ಲೇ ಎರಡೂ ಕಾಲು ನೆಲಕ್ಕ ಒತ್ತಿದ್ಲು. ನಾ ಕೈಹಿಡಕೊಂಡೆ. ಕೈ ಬಿಡಿಸಿಕೊಳ್ಳಲಿಲ್ಲ, ಹಿಡಕೊಳ್ಳಲೂ ಇಲ್ಲ.

ಸೈಕಲ್ಲಿಗೆ ಮಾವನವರು ಹಳೇ ಕೌದಿ ಹೊದಿಸಿ, ಹಗ್ಗ ಸುತ್ತಿ, ಮೆಟ್ಟಲ ಬುಡಕ ನಿಲ್ಲಿಸ್ಯಾರ. ಯಾರಿಗರ ಕೊಟ್ಟು ಬಿಡ್ರಿ ಅಂದ್ರ ಕೊಡಂಗಿಲ್ಲ, ಹೊರಗ ತಗೀರಿ ಅಂದ್ರ ತಗಿಯಂಗಿಲ್ಲ. ಮಗಳು ಅದರ ಬಾಜೂ ಹಾದು ಮ್ಯಾಲ ಹೋಗುವಾಗ ಗ್ವಾಡಿ ಕಡೆ ಸರಕೊಂಡು ಹೋಗತಾಳ.

ತಿಕೋಟಾದ ಬಸ್ ಸ್ಟ್ಯಾಂಡಿನ್ಯಾಗ ಆ ಮೇಡಂ ಒಂದು ದಿನ ಸಿಕ್ಕಿದ್ರು. ಸುದ್ದಿ ಅವರಿಗೆ ಮುಟ್ಟಿತ್ತು. ಬಿಸಲಾಗ ನಿಂತು ಎಲ್ಲಾ ಕೇಳಿದ್ರು, ಈಗೂ ಮೊದಲಿನಂಗ ಒಂದೊಂದ ಪ್ರಶ್ನಿ. ಎಲುಬು ಕೂಡಿ ಡಾಕ್ಟರು ಹ್ಞೂಂ ಅಂದ ದಿನ ಕಳಸ್ರಿ, ರೇಸಿಗೆ ಬ್ಯಾಡ, ಸುಮ್ನ ಗಾಳಿಗೆ ಮುಖ ಕೊಟ್ಟು ತುಳೀಲಿ ಅಂದ್ರು. ಬಸ್ಸಿನ್ಯಾಗ ಬರುವಾಗ ನನಗ ಏನೋ ಆಸೆ ಹುಟ್ಟಿತು. ಮನಿಗೆ ಬಂದ ಕೂಡಲೇ ಮಗಳಿಗೆ ಹೇಳಿದೆ. ಅಕಿ ಪುಸ್ತಕ ಮಡಚಿ, ನೀವು ಹೇಳಿದ್ರ ಹೋಗತೀನಿ ಅಂದ್ಲು. ನಿನಗ ಬೇಕೇನು ಅಂದೆ. ನೀವು ಹೇಳಿದ್ರ ಅಂತ ಮತ್ತ ಅಂದ್ಲು. ಬಸ್ಸಿನ ಕಿಡಕ್ಯಾಗಿಂದ ತಲಿ ಹಾಕಿ ನೋಡಿದಾಕಿ, ನನಗ ಅದು ಬೇಕು ಅಂದಾಕಿ ಎಲ್ಲಿ ಹೋದ್ಲೋ ಏನೋ. ನಾ ಆ ಮಾತು ಅಲ್ಲಿಗೆ ಬಿಟ್ಟೆ.

ಈಗ ಮಂದಿ ನನಗ ಕೇಳತಾರ, ಟೀಚರ, ನಮ್ಮ ಹುಡುಗನ್ನ ಯಾವ ಆಟಕ್ಕ ಹಾಕೂನ್ರಿ, ಯಾವ ಕೋಚ್ ಚಲೋ ಅದಾರ್ರಿ. ಕೋಚ್ ಎಷ್ಟು ಮೆಡಲ್ ತಂದಾನ ಕೇಳಬ್ಯಾಡ್ರಿ, ನಿಮ್ಮನ್ನ ಕಟ್ಟಿ ಮ್ಯಾಲ ಕುಂಡ್ರಾಕ ಬಿಡತಾನೇನು ನೋಡ್ರಿ ಅಂತೀನಿ. ಕೇಳಿಕೊಂಡು ತಲಿ ಅಲ್ಲಾಡಿಸಿ ಹೋಗತಾರ. ಎಲ್ಲಿ ಹೋಗಿ ಹಾಕತಾರೋ ಅದು ಅವರ ಮನಿ ಮಾತು.

ವಾರಕ್ಕ ಮೂರು ಸಲ ಕಾಲಿಗೆ ವ್ಯಾಯಾಮ ಮಾಡಸಾಕ ದವಾಖಾನಿಗೆ ಕರಕೊಂಡು ಹೋಗತೀವಿ. ಕರಕೊಂಡು ಹೋಗಾವ್ರು ಮಾವನವರ. ಬ್ಯಾರೆ ಯಾರಿಗೂ ಬಿಡಂಗಿಲ್ಲ. ಹೋದ ವಾರ ಸಾಲಿಗೆ ಸೂಟಿ ಇತ್ತು, ನಾನೂ ಹೋಗಿದ್ದೆ. ವ್ಯಾಯಾಮ ಮಾಡಸಾವ್ರು ಸಣ್ಣ ವಯಸ್ಸಿನ ಹುಡುಗ, ಮೆತ್ತಗ ಮಾತಾಡತಾರ. ಮಗಳನ್ನ ಮಂಚದ ಮ್ಯಾಲ ಮಲಗಿಸಿ, ಒಂದು ಕೈ ಮೊಣಕಾಲಿನ ಕೆಳಗ, ಒಂದು ಕೈ ಹಿಮ್ಮಡಕ್ಕ ಹಿಡಿದು, ಕಾಲು ನಿಧಾನಕ ಎದಿ ಕಡೆ ಮಡಚಾಕತ್ರು. ನೋವು ಆದ್ರ ಹೇಳಬೇಕವಾ, ನೀ ಹೇಳಿದ್ರ ನಾ ಅಲ್ಲಿಗೆ ನಿಲ್ಲಸ್ತೀನಿ, ನೀ ಹೇಳಲಿಲ್ಲಂದ್ರ ನನಗ ತಿಳಿಯಂಗಿಲ್ಲ ಅಂದ್ರು. ಸ್ವಲ್ಪ ಮಡಚಿ ಕೇಳಿದ್ರು, ಈಗ ನೋವು ಐತೇನು?

ಮಗಳು ಅವರ ಕಡೆ ನೋಡಲಿಲ್ಲ. ತಲಿ ಹೊರಳಿಸಿ ಅಜ್ಜನ ಕಡೆ ನೋಡಿದ್ಲು. ಹೇಳಲೋ ಬ್ಯಾಡೋ ಅಂತ ಕೇಳೋಹಂಗ. ಮಾವನವರು ಮಂಚದ ಕಾಲ ಹಿಡಕೊಂಡು ನಿಂತಿದ್ರು. ಅಷ್ಟು ದೊಡ್ಡ ಆಳು, ಬಗ್ಗಿ, ಅಕಿ ಕಿವಿಗೆ ಬಾಯಿ ತಂದು, ಎರಡೂ ಕೈ ಜೋಡಿಸಿದ್ರು.

"ಹೇಳ ನನ್ನವ್ವಾ. ನೋಯತೈತಿ ಅಂತ ಹೇಳ. ಒದರ ನನ್ನವ್ವಾ, ಬೇಕಾದ್ರ ಒದರ."

ಅಕಿ ಅಜ್ಜನ್ನ ನೋಡಕೊಂತ ಇದ್ಲು. ಮಂಚದ ಮ್ಯಾಲ ಹಾಸಿದ ಬಟ್ಟಿ ಅಕಿ ಮುಟಿಗ್ಯಾಗ ಉಂಡಿ ಆಗಿತ್ತು. ಮ್ಯಾಲಿನ ತುಟಿ ಮ್ಯಾಲ ಬೆವರು ಮೂಡಿತ್ತು.

"ಇಲ್ರಿ ಸರ್," ಅಂದ್ಲು.

ಅವರು ಕಾಲು ಇನ್ನಷ್ಟು ಮಡಚಿದ್ರು.